ಹರಾಜು ಗೆದ್ದ ಮೇಲೆ ಮಾರಾಟಗಾರ ಕೈಕೊಟ್ಟರೆ: ಕಲಬುರಗಿ, ಬೀದರ್, ಯಾದಗಿರಿ ಕಡೆಯ ಕೊಳ್ಳುಗರಿಗೆ ಸಮಗ್ರ ಮಾರ್ಗದರ್ಶಿ

"ಭಾಯಿಸಾಬ್, ಟೆನ್ಷನ್ ಮತ್ ಲೋ, ದೋ ದಿನ್ ಮೇ ಹೋ ಜಾಯೇಗಾ."

ಆನ್‌ಲೈನ್ ಹರಾಜಿನಲ್ಲಿ ಮಾಲು ಕೊಂಡು ಕೈಸುಟ್ಟುಕೊಂಡವರ ಮೊಬೈಲ್ ತೆರೆದರೆ ಈ ಸಾಲು ಒಂದಲ್ಲ ಒಂದು ರೂಪದಲ್ಲಿ ಸಿಕ್ಕೇ ಸಿಗುತ್ತದೆ. ನಮ್ಮ ಕಡೆಯವರಿಗೆ ಹಿಂದಿ, ದಖ್ಖನಿ ಸಲೀಸು. ದೆಹಲಿಯವನೋ ಜೈಪುರದವನೋ ಫೋನ್ ಮಾಡಿದರೆ ಐದೇ ನಿಮಿಷದಲ್ಲಿ ಭಾಯಿ-ಭಾಯಿ ಆಗಿಬಿಡುತ್ತೇವೆ. ಮಾತು ಸಿಹಿಯಾದಷ್ಟೂ ಬರವಣಿಗೆ ನಿಲ್ಲುತ್ತದೆ. ಆ ಎರಡು ದಿನ ಹದಿನೈದಾಗುತ್ತದೆ, ನಡುವೆ ಹಬ್ಬ ಬರುತ್ತದೆ, ಅವನ ಮನೆಯಲ್ಲಿ ಯಾರಿಗೋ ಆರಾಮಿರುವುದಿಲ್ಲ. ಅಷ್ಟರಲ್ಲಿ ಹರಾಜು ತಾಣದಲ್ಲಿ ದೂರು ಕೊಡುವ ಗಡುವು ಮುಗಿದಿರುತ್ತದೆ. ಆಮೇಲೆ ಅವನು ಫೋನ್ ಎತ್ತುವುದಿಲ್ಲ.

ತಂಟೆಕೋರ ಮಾರಾಟಗಾರನಿಗೆ ದೊಡ್ಡ ವಿದ್ಯೆಯೇನೂ ಗೊತ್ತಿರುವುದಿಲ್ಲ, ಕಾಲ ತಳ್ಳುವುದೊಂದು ಗೊತ್ತಿರುತ್ತದೆ. ಅದಕ್ಕೇ ಇಲ್ಲಿರುವ ಪ್ರತಿ ಹಂತವೂ ಎರಡೇ ಕೆಲಸ ಹೇಳುತ್ತದೆ: ಎಲ್ಲವನ್ನೂ ಬರವಣಿಗೆಯಲ್ಲಿ ಇಡುವುದು, ಯಾವ ಗಡುವು ಯಾವತ್ತು ಮುಗಿಯುತ್ತದೆ ಎಂದು ತಿಳಿದಿರುವುದು. ಹಳೆ ನಾಣ್ಯ, ಬಿದರಿ ಸಾಮಾನು, ಕೈಗಡಿಯಾರ, ಕ್ಯಾಮೆರಾ ಲೆನ್ಸ್, ವಾಲ್ವ್ ರೇಡಿಯೊ, ಅಂಚೆಚೀಟಿ, ಸೆಕೆಂಡ್ ಹ್ಯಾಂಡ್ ಫೋನ್, ಯಾವುದನ್ನೇ ಕೊಂಡಿರಲಿ, ದಾರಿ ಒಂದೇ.

ಹಂತ 1: ಪಾರ್ಸೆಲ್ ಬಿಚ್ಚುವ ಮೊದಲು

ಔರಾದ, ಚಿಂಚೋಳಿ, ಹುಣಸಗಿ ಕಡೆಯ ಹಳ್ಳಿಗಳಿಗೆ ಕೊರಿಯರ್ ಮನೆತನಕ ಬರುವುದು ಅಪರೂಪ. "ಬಂದು ತಗೊಂಡು ಹೋಗ್ರಿ" ಎಂದು ಫೋನ್ ಬರುತ್ತದೆ. ಜೊತೆಗೆ, "ಓಟಿಪಿ ಈಗೇ ಹೇಳಿಬಿಡ್ರಿ, ಎಂಟ್ರಿ ಮಾಡ್ಕೋತೀನಿ" ಎನ್ನುವುದೂ ಉಂಟು. ಡಬ್ಬಿ ಕೈಗೆ ಬರುವತನಕ ಓಟಿಪಿ ಹೇಳಬೇಡಿ. ಹೇಳಿದ ಕ್ಷಣದಿಂದ ದಾಖಲೆಯಲ್ಲಿ ಮಾಲು ನಿಮಗೆ ತಲುಪಿದೆ ಎಂದೇ ಲೆಕ್ಕ.

ಬಿಚ್ಚುವಾಗ ಒಂದೇ ವಿಡಿಯೊ ಮಾಡಿ, ಎಲ್ಲೂ ಕತ್ತರಿಸಬೇಡಿ. ಮೊದಲು ಆರೂ ಬದಿ, ಟೇಪು, ವಿಳಾಸದ ಲೇಬಲ್ಲು, ಅದರ ಮೇಲಿನ ತೂಕ ಕಾಣಲಿ. ಈ ತೂಕವನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಒಂದೂವರೆ ಕಿಲೊ ತೂಗಬೇಕಾದ ಲೆನ್ಸಿನ ಡಬ್ಬಿಯ ಲೇಬಲ್ಲಿನಲ್ಲಿ 400 ಗ್ರಾಂ ಎಂದಿದ್ದರೆ, ಅದನ್ನು ಬುಕ್ ಮಾಡಿದಾಗಲೇ ಒಳಗೆ ಲೆನ್ಸ್ ಇರಲಿಲ್ಲ ಎಂದು ಅನುಮಾನಿಸಬೇಕು. ಆ ತೂಕ ಕೊರಿಯರಿನವರು ತಾವೇ ತೂಗಿ ಬರೆದದ್ದಾದರೆ, ದಾರಿಯಲ್ಲಿ ಕಳುವಾಯಿತು ಎಂದು ಮಾರಾಟಗಾರ ಆಮೇಲೆ ಹೇಳಲು ಬರುವುದಿಲ್ಲ.

ಡಬ್ಬಿ, ಬಬಲ್ ಕಾಗದ, ಒಳಗಿನ ಚೀಟಿ ಯಾವುದನ್ನೂ ಎಸೆಯಬೇಡಿ.

ಅದೇ ದಿನ ಹರಾಜಿನ ಪುಟವನ್ನು ಪಿಡಿಎಫ್ ಮಾಡಿ ಉಳಿಸಿಕೊಳ್ಳಿ: ವಿವರಣೆ, ಎಲ್ಲ ಫೋಟೊ, ಬಿಡ್‌ಗಳ ಪಟ್ಟಿ, ಅಂತಿಮ ಬೆಲೆ, ಮಾರಾಟಗಾರನ ರೇಟಿಂಗ್. ಜಗಳ ಶುರುವಾದ ಮೇಲೆ "ಒರಿಜಿನಲ್" ಇದ್ದ ಕಡೆ "ವಿಂಟೇಜ್ ಸ್ಟೈಲ್" ಎಂದು ತಿದ್ದಿದ ಪುಟಗಳು ಉಂಟು.

ಹಂತ 2: ಮಾಲು ಹೇಳಿದಂತಿಲ್ಲ ಎಂದು ಕೆಡಿಸದೆ ತೋರಿಸುವುದು

"ನಕಲಿ ಅನಸ್ತದ" ಎಂದು ಬರೆದರೆ ಯಾರೂ ಕೇಳುವುದಿಲ್ಲ. ಅಳತೆ ಬೇಕು. ನಮ್ಮ ಸೀಮೆಯದೇ ಮಾಲು ತೆಗೆದುಕೊಂಡು ನೋಡೋಣ. "ಹಳೆಯ ಬಿದರಿ ಹೂದಾನಿ, ಬೆಳ್ಳಿ ಕೆತ್ತನೆ" ಎಂದು ಕೊಂಡಿರಿ. ನಿಜವಾದ ಬಿದರಿಯ ಒಡಲು ಸತುವಿನದು, ಜೊತೆಗೆ ಸ್ವಲ್ಪ ತಾಮ್ರ. ಅಚ್ಚು ಹೊಯ್ದು, ಉಳಿಯಿಂದ ಗೆರೆ ತೋಡಿ, ಅದರೊಳಗೆ ಬೆಳ್ಳಿಯ ತಂತಿ ಅಥವಾ ತಗಡು ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಹಳೆ ಮಣ್ಣನ್ನು ನವಸಾಗರದ ಜೊತೆ ಕಲಸಿ ಬಿಸಿ ಮಾಡಿದ ಒಡಲಿಗೆ ಹಚ್ಚುತ್ತಾರೆ. ಸತು ಕಪ್ಪಾಗುತ್ತದೆ, ಬೆಳ್ಳಿ ಬಿಳಿಯಾಗಿಯೇ ಉಳಿಯುತ್ತದೆ. ಆನ್‌ಲೈನಿನಲ್ಲಿ ಬಿದರಿ ಹೆಸರು ಹೊತ್ತು ಬರುವ ನಕಲಿಗಳಲ್ಲಿ ಕಪ್ಪು ಬಣ್ಣ ಹೊಡೆದ ಅಲ್ಯೂಮಿನಿಯಂ ಇರುತ್ತದೆ. ಫೋಟೊದಲ್ಲಿ ಎರಡೂ ಒಂದೇ ಥರ.

ಅಯಸ್ಕಾಂತ ಇಲ್ಲಿ ಉಪಯೋಗವಿಲ್ಲ, ಸತುವಿಗೂ ಅಂಟದು, ಅಲ್ಯೂಮಿನಿಯಮ್ಮಿಗೂ ಅಂಟದು. ಸಾಂದ್ರತೆ ನೋಡಬೇಕು, ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಮೊದಲು ವಸ್ತುವನ್ನು ಒಣಗಿದ್ದಾಗ ತೂಗಿ. 540 ಗ್ರಾಂ ಬಂತು ಎಂದಿಟ್ಟುಕೊಳ್ಳಿ. ಆಮೇಲೆ ನೀರು ತುಂಬಿದ ಪಾತ್ರೆಯನ್ನು ತಕ್ಕಡಿಯ ಮೇಲಿಟ್ಟು ಅಂಕಿಯನ್ನು ಸೊನ್ನೆ ಮಾಡಿ. ವಸ್ತುವಿಗೆ ದಾರ ಕಟ್ಟಿ, ಕೈಯಲ್ಲಿ ತೂಗಾಡಿಸಿ, ಪೂರ್ತಿ ಮುಳುಗುವಂತೆ ನೀರಿಗೆ ಇಳಿಸಿ. ತಳಕ್ಕೂ ಗೋಡೆಗೂ ತಾಗಬಾರದು, ಹೂದಾನಿಯ ಒಳಗೂ ನೀರು ತುಂಬಿ ಗಾಳಿ ಹೊರಬರಬೇಕು, ನೀರು ತುಳುಕಬಾರದು. ಈಗ ತಕ್ಕಡಿ ತೋರಿಸುವ ಗ್ರಾಂಗಳೇ ಆ ಲೋಹದ ಗಾತ್ರ, ಮಿಲಿಲೀಟರಿನಲ್ಲಿ. 200 ತೋರಿಸಿದರೆ 540 ಭಾಗಿಸು 200, ಅಂದರೆ 2.7. ಅದು ಅಲ್ಯೂಮಿನಿಯಮ್ಮಿನ ಸಾಂದ್ರತೆ. ಸತುವಾಗಿದ್ದರೆ 75ರ ಆಸುಪಾಸು ತೋರಿಸಬೇಕಿತ್ತು, ಉತ್ತರ 7ರ ಹತ್ತಿರ ಬರಬೇಕಿತ್ತು. ಹಿತ್ತಾಳೆಗೆ ಬಣ್ಣ ಹೊಡೆದದ್ದಾದರೆ 8.5 ಸುಮಾರಿಗೆ ಬರುತ್ತದೆ. ಇಷ್ಟನ್ನೂ ವಿಡಿಯೊದಲ್ಲಿ ಹಿಡಿಯಿರಿ, ಕೂಡಲೇ ಒರೆಸಿ ಒಣಗಿಸಿ.

ಬೆಳ್ಳಿಯ ಪ್ರಶ್ನೆ ಇದ್ದರೆ ಸರಾಫರಲ್ಲಿ ಅಥವಾ ಹಾಲ್‌ಮಾರ್ಕ್ ಕೇಂದ್ರದಲ್ಲಿ ಎಕ್ಸ್‌ಆರ್‌ಎಫ್ ಮಷಿನ್ (ಎಕ್ಸ್-ರೇ ಬಿಟ್ಟು ಯಾವ ಲೋಹ ಎಂದು ತೋರಿಸುವ ಯಂತ್ರ) ಇದೆಯೇ ವಿಚಾರಿಸಿ. ಅದು ಲೋಹವನ್ನು ಕೆರೆಯುವುದಿಲ್ಲ, ಚೀಟಿಯನ್ನೂ ಕೊಡುತ್ತದೆ. ಬಹಮನಿ ಕಾಲದ ಬೆಳ್ಳಿ ಟಂಕ ಕೊಂಡವರಿಗೂ ತೂಕವೇ ಮೊದಲ ಸಾಕ್ಷಿ: ಸರಿಯಾದದ್ದು 11 ಗ್ರಾಂ ಆಸುಪಾಸು ಇರುತ್ತದೆ. ತೂಕ ತೀರಾ ಕಡಿಮೆ ಬಂದು, ಅಂಚಿನಲ್ಲಿ ಎರಡು ಅಚ್ಚು ಕೂಡಿದ ಗೆರೆ ಕಂಡರೆ ಎರಕ ಹೊಯ್ದ ನಕಲು ಎಂದೇ ಅನುಮಾನಿಸಬೇಕು.

ಒರೆಗಲ್ಲಿಗೆ ಉಜ್ಜುವುದು, ಹುಣಸೆಹಣ್ಣು ಹಚ್ಚಿ ತಿಕ್ಕುವುದು, ಗಡಿಯಾರದ ಹಿಂಬದಿ ಬಿಚ್ಚಿಸುವುದು ಬೇಡ. "ಮಾಲು ನೀವೇ ಕೆಡಿಸಿದಿರಿ" ಎಂಬ ಉತ್ತರಕ್ಕೆ ನೀವೇ ದಾರಿ ಮಾಡಿಕೊಟ್ಟಂತಾಗುತ್ತದೆ.

ಹಂತ 3: ಎದುರಿಗಿರುವವನು ಯಾರು?

ಮಾರಾಟಗಾರ ವ್ಯಾಪಾರಿಯೋ, ಮನೆಯ ಹಳೆ ಸಾಮಾನು ಒಂದು ಸಲ ಮಾರಿದ ಸಾಮಾನ್ಯ ಮನುಷ್ಯನೋ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳು, 2020 ವ್ಯಾಪಾರವಾಗಿ ಮಾರುವವರಿಗೆ ಅನ್ವಯಿಸುತ್ತವೆ. ವೈಯಕ್ತಿಕವಾಗಿ, ಒಮ್ಮೆ ಮಾರಿದವರಿಗೆ ಅನ್ವಯಿಸುವುದಿಲ್ಲ. ಅಂಥವನ ಮೇಲೆ ಹರಾಜು ತಾಣದ ಖಾತರಿ, ಬ್ಯಾಂಕು, ಮೋಸ ಇದ್ದರೆ ಪೊಲೀಸರು, ಇಲ್ಲವೇ ಸಿವಿಲ್ ಕೋರ್ಟು, ಇವೇ ದಾರಿ. ಆದರೆ ತಿಂಗಳಿಗೆ ನಲವತ್ತು ನಾಣ್ಯ ಮಾರುವವನು "ನಾನು ಬರೀ ಹವ್ಯಾಸಿ" ಎಂದರೆ ನಂಬಬೇಡಿ. ಅವನ ಹಳೆಯ ಲಿಸ್ಟಿಂಗುಗಳ ಸ್ಕ್ರೀನ್‌ಶಾಟ್ ತೆಗೆದಿಡಿ.

ಬಿಲ್ಲಿನಲ್ಲಿ ಜಿಎಸ್‌ಟಿ ನಂಬರ್ ಇದ್ದರೆ ಮೊದಲೆರಡು ಅಂಕಿ ನೋಡಿ. 29 ಕರ್ನಾಟಕ, 36 ತೆಲಂಗಾಣ, 27 ಮಹಾರಾಷ್ಟ್ರ, 07 ದೆಹಲಿ. ಜಿಎಸ್‌ಟಿ ಪೋರ್ಟಲಿನಲ್ಲಿ ಆ ನಂಬರ್ ಹಾಕಿದರೆ ಅಂಗಡಿ ಯಾರ ಹೆಸರಿನಲ್ಲಿದೆ, ನೋಂದಣಿ ಚಾಲ್ತಿಯಲ್ಲಿದೆಯೇ ಎಂಬುದು ಪುಕ್ಕಟೆ ಸಿಗುತ್ತದೆ. ನಂಬರ್ ಇಲ್ಲದಿದ್ದರೆ ಹರಾಜು ತಾಣಕ್ಕೆ ಬರೆಯಿರಿ: "ನಾನು ಈ ಆರ್ಡರ್ ಕೊಂಡ ಗ್ರಾಹಕ, ಮಾರಾಟಗಾರನ ವಿಳಾಸ, ಇಮೇಲ್, ಸಂಪರ್ಕ ವಿವರ ಕೊಡಿ." ಕೊಂಡ ಮೇಲೆ ಲಿಖಿತವಾಗಿ ಕೇಳಿದರೆ ಮಾರುಕಟ್ಟೆ ತಾಣ ಇವನ್ನು ಕೊಡಬೇಕು ಎಂದು 2020ರ ನಿಯಮಗಳೇ ಹೇಳುತ್ತವೆ. ಪ್ರೈವೆಸಿ ಎಂದು ನುಣುಚಿಕೊಂಡರೆ ಆ ಉತ್ತರವನ್ನೂ ಕಡತಕ್ಕೆ ಸೇರಿಸಿ.

ಹಂತ 4: ಗಡುವುಗಳ ಪಟ್ಟಿ

ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುವುದು ಒಳ್ಳೆಯದು, ಮೊಬೈಲಿನ ರಿಮೈಂಡರನ್ನು ತಳ್ಳಿಹಾಕುವುದು ಸುಲಭ.

ಎಲ್ಲಕ್ಕಿಂತ ಮೊದಲು ಮುಗಿಯುವುದು ಹರಾಜು ತಾಣದ ಗಡುವು. ಇಬೇಯ ಭಾರತೀಯ ತಾಣ 2018ರ ಆಗಸ್ಟ್‌ನಲ್ಲೇ ಮುಚ್ಚಿತು, ಆದರೂ ನಾಣ್ಯ, ಗಡಿಯಾರ, ಬಿಡಿಭಾಗಕ್ಕೆ ಅದರ ಅಂತಾರಾಷ್ಟ್ರೀಯ ತಾಣದಲ್ಲಿ ಬಿಡ್ ಹಾಕುವವರು ನಮ್ಮಲ್ಲಿದ್ದಾರೆ. ಅಲ್ಲಿನ ಮನಿ ಬ್ಯಾಕ್ ಗ್ಯಾರಂಟಿಯಲ್ಲಿ ಮಾಲು ತಲುಪಿದ ದಿನದಿಂದ, ತಲುಪದಿದ್ದರೆ ತಲುಪಬೇಕಿದ್ದ ಕೊನೆಯ ದಿನದಿಂದ, 30 ದಿನದೊಳಗೆ ದೂರು ದಾಖಲಾಗಬೇಕು. ಮಾರಾಟಗಾರನಿಗೆ ಉತ್ತರಿಸಲು 3 ಕೆಲಸದ ದಿನ. ಬಗೆಹರಿಯದಿದ್ದರೆ ತಾಣವೇ ನಡುವೆ ಬರಲಿ ಎಂದು ನೀವು ಒತ್ತಬೇಕು. ತಾನಾಗಿ ಬರುತ್ತದೆ ಎಂದು ಕೂತರೆ ಕೆಡುತ್ತೀರಿ. ದೇಶದೊಳಗಿನ ತಾಣಗಳಲ್ಲಿ, ನಾಣ್ಯ ಹರಾಜಿನ ಸಂಸ್ಥೆಗಳಲ್ಲಿ ಅವಧಿ ಇನ್ನೂ ಚಿಕ್ಕದಿರಬಹುದು. ನಿಯಮಗಳ ಪುಟದಲ್ಲಿ "ವಾಪಸಾತಿ" ಮತ್ತು "ನಕಲಿ" ಎಂಬೆರಡು ಭಾಗ ಮೊದಲು ಓದಿ.

ಪೇಪಾಲ್ ಮೂಲಕ ಹೊರದೇಶಕ್ಕೆ ಹಣ ಕಳಿಸಿದ್ದರೆ ವಿವಾದ ಎತ್ತಲು 180 ದಿನ, ಎತ್ತಿದ ಮೇಲೆ ಅದನ್ನು ಕ್ಲೇಮ್ ಮಾಡಲು, ಅಂದರೆ ಪೇಪಾಲೇ ತೀರ್ಮಾನಿಸಲಿ ಎಂದು ಕೇಳಲು, 20 ದಿನ. ಆ ಇಪ್ಪತ್ತು ದಿನ ಸುಮ್ಮನಿದ್ದರೆ ಕೇಸು ತಾನೇ ಮುಚ್ಚಿಕೊಳ್ಳುತ್ತದೆ, ಮತ್ತೆ ತೆರೆಯಲಾಗದು. ಕಾರ್ಡಿನ ಚಾರ್ಜ್‌ಬ್ಯಾಕಿಗೆ (ಕೊಟ್ಟ ಹಣವನ್ನು ಬ್ಯಾಂಕಿನ ಮೂಲಕ ಹಿಂದಕ್ಕೆ ಪಡೆಯುವುದಕ್ಕೆ) ಸಾಮಾನ್ಯವಾಗಿ 120 ದಿನಗಳ ಆಸುಪಾಸು, ಆದರೆ ನಿಮ್ಮ ಬ್ಯಾಂಕು ಅದಕ್ಕಿಂತ ಬೇಗ ಕೇಳಬಹುದು. ಗ್ರಾಹಕ ಆಯೋಗಕ್ಕೆ 2 ವರ್ಷ. ಈ ಕೊನೆಯದನ್ನು ನೆನೆದು ನೆಮ್ಮದಿಯಿಂದಿರುವವರೇ ಮೊದಲಿನ ಮೂರನ್ನು ಕಳೆದುಕೊಳ್ಳುವುದು.

ಹಂತ 5: ಮೊದಲ ಸಂದೇಶ

ತಾಣದ ಸಂದೇಶ ಪೆಟ್ಟಿಗೆಯಲ್ಲೇ ಬರೆಯಿರಿ, ವಾಟ್ಸಾಪಿನಲ್ಲಿ ಅಲ್ಲ. ಹೊರರಾಜ್ಯದವನಾದರೆ ಹಿಂದಿ ಅಥವಾ ಇಂಗ್ಲಿಷ್, ಧಾಟಿ ಮಾತ್ರ ಹೀಗಿರಲಿ:

"ಆರ್ಡರ್ ಸಂಖ್ಯೆ ಇಂಥದ್ದು. ಇಂಥ ದಿನ ಪಾರ್ಸೆಲ್ ಬಂತು. ವಿವರಣೆಯಲ್ಲಿ 'ಬಿದರಿ, ಬೆಳ್ಳಿ ಕೆತ್ತನೆ' ಎಂದಿತ್ತು. ಬಂದಿರುವುದರ ಸಾಂದ್ರತೆ 2.7, ಅಂದರೆ ಅಲ್ಯೂಮಿನಿಯಂ. ವಿಡಿಯೊ, ಫೋಟೊ ಲಗತ್ತಿಸಿದ್ದೇನೆ. ಮಾಲು ವಾಪಸ್ ಪಡೆದು ಸಾಗಾಟದ ಖರ್ಚಿನ ಸಮೇತ ಪೂರ್ತಿ ಹಣ ಹಿಂದಿರುಗಿಸಿ. ಇಂಥ ದಿನಾಂಕದೊಳಗೆ ಉತ್ತರ ಬರದಿದ್ದರೆ ತಾಣದಲ್ಲಿ ಅಧಿಕೃತ ದೂರು ದಾಖಲಿಸುತ್ತೇನೆ."

ಇಷ್ಟೇ. ಬೈಗುಳ ಬೇಡ, "ಕಳ್ಳ", "ಮೋಸಗಾರ" ಬೇಡ, ನಿಮ್ಮ ಕಷ್ಟಸುಖವೂ ಬೇಡ. ಮುಂದೆ ಇದನ್ನು ಓದುವವರು ತಾಣದ ಸಿಬ್ಬಂದಿ, ಬ್ಯಾಂಕಿನವರು, ಆಯೋಗದ ಸದಸ್ಯರು. ಅವರನ್ನು ಕಣ್ಣಮುಂದೆ ಇಟ್ಟುಕೊಂಡು ಬರೆಯಿರಿ. ಗಡುವು ಮೂರು ದಿನ ಸಾಕು, ವಾರಕ್ಕಿಂತ ಹೆಚ್ಚು ಬೇಡ.

ಸರಕು ಮಾರಾಟ ಕಾಯ್ದೆ, 1930 ಇಲ್ಲಿ ನಿಮ್ಮ ಬೆನ್ನಿಗಿದೆ. ವಿವರಣೆ ನೋಡಿ ಕೊಂಡ ಮಾಲು ವಿವರಣೆಗೆ ತಕ್ಕಂತಿರಬೇಕು ಎನ್ನುತ್ತದೆ 15ನೇ ಕಲಂ. ಪರೀಕ್ಷಿಸಲು ಸಕಾಲ ಸಿಗುವತನಕ ನೀವು ಮಾಲು ಒಪ್ಪಿಕೊಂಡಂತಲ್ಲ ಎನ್ನುತ್ತದೆ 41. ಆದರೆ ತಿರಸ್ಕಾರ ತಿಳಿಸದೆ ಇಟ್ಟುಕೊಂಡು ಕೂತರೆ ಒಪ್ಪಿಕೊಂಡಂತೆಯೇ, ಅದು 42. ಮೊದಲ ಸಂದೇಶ ತಡ ಮಾಡಬಾರದು ಎನ್ನುವುದು ಇದಕ್ಕೇ.

ಅವನು ಫೋನ್ ಮಾಡಿದರೆ ಮಾತಾಡಿ, ತೊಂದರೆಯಿಲ್ಲ. ಇಟ್ಟ ಕೂಡಲೇ ತಾಣದಲ್ಲಿ ಬರೆಯಿರಿ: "ಈಗ ಫೋನಿನಲ್ಲಿ ನೀವು ಶುಕ್ರವಾರದೊಳಗೆ ಹಣ ಹಾಕುತ್ತೇನೆ ಎಂದಿರಿ, ಅದನ್ನು ಇಲ್ಲಿ ದಾಖಲಿಸುತ್ತಿದ್ದೇನೆ." ಹೀಗೆ ಬರೆದ ಮೇಲೆ ಮರುಫೋನಿನ ಸಿಹಿ ತಾನಾಗೇ ಇಳಿಯುತ್ತದೆ.

ಹಂತ 6: ಅವನು ಹೇಳುವ ಮಾತು, ನೀವು ಕೊಡುವ ಉತ್ತರ

"ಮೊದಲು ದೂರು ಮುಚ್ಚಿ, ಆಮೇಲೆ ದುಡ್ಡು ಹಾಕ್ತೀನಿ." ಎಲ್ಲಕ್ಕಿಂತ ಅಪಾಯದ ಮಾತು ಇದೇ. ದೂರು ತೆರೆದಿರುವುದರಿಂದ ಅವನ ಖಾತೆಗೆ ತೊಂದರೆ ಎನ್ನುತ್ತಾನೆ, ದಯನೀಯವಾಗಿ ಬೇಡಿಕೊಳ್ಳುತ್ತಾನೆ. ಒಮ್ಮೆ ಮುಚ್ಚಿದ ದೂರನ್ನು ಮತ್ತೆ ತೆರೆಯಲು ಹೆಚ್ಚಿನ ಕಡೆ ಬರುವುದಿಲ್ಲ. ಹಣ ಖಾತೆಗೆ ಬಿದ್ದ ಮೇಲಷ್ಟೇ ಮುಚ್ಚಿ. ಹಣ ಹಾಕಿದ ಸ್ಕ್ರೀನ್‌ಶಾಟ್ ಕಳಿಸಿದರೆ ಅದು ಹಣವಲ್ಲ, ನಿಮ್ಮ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಕಾಣುವುದು ಹಣ.

"ಹರಾಜಿನ ಮಾಲು, ಇದ್ದ ಹಾಗೆ ಮಾರಿದ್ದು, ವಾಪಸ್ ಇಲ್ಲ." ಇದ್ದ ಹಾಗೆ ಎಂದರೆ ಗೀರು, ಸವೆತ, ಹಳತನ ಸಹಿಸಿಕೊಳ್ಳಿ ಎಂದರ್ಥ. ಸತುವಿನ ಬದಲು ಅಲ್ಯೂಮಿನಿಯಂ ಕೊಡಬಹುದು ಎಂದಲ್ಲ. ದೋಷವುಳ್ಳ, ನಕಲಿ, ಅಥವಾ ಜಾಹೀರಾತಿಗೆ ತಕ್ಕಂತಿಲ್ಲದ ಮಾಲನ್ನು ವಾಪಸ್ ಪಡೆಯಲು, ಹಣ ಕೊಡಲು ಮಾರಾಟಗಾರ ನಿರಾಕರಿಸುವಂತಿಲ್ಲ ಎಂದು 2020ರ ನಿಯಮಗಳು ಹೇಳುತ್ತವೆ. ಆದರೆ ಫೋಟೊದಲ್ಲೇ ಕಾಣುತ್ತಿದ್ದ ಗೀರಿಗೆ, ವಿವರಣೆಯಲ್ಲೇ ಬರೆದಿದ್ದ "ನಡೆಯುವುದಿಲ್ಲ" ಎಂಬ ಮಾತಿಗೆ ಜಗಳ ತೆಗೆದರೆ ತಪ್ಪು ನಿಮ್ಮದೇ. ಹುರುಪಿನಲ್ಲಿ ಹೆಚ್ಚು ಬಿಡ್ ಹಾಕಿ ಬೆಳಗ್ಗೆ ಪಶ್ಚಾತ್ತಾಪ ಪಟ್ಟವರಿಗೆ ಕಾನೂನಿನಲ್ಲಿ ಜಾಗ ಇಲ್ಲ.

"ಬೆಲೆ ಭಾಳ ಕಡಿಮೆ ಹೋಯ್ತು, ಇನ್ನು ಮೂರು ಸಾವಿರ ಕೊಟ್ಟರೆ ಕಳಿಸ್ತೀನಿ." ಹರಾಜಿನಲ್ಲಿ ಸುತ್ತಿಗೆ ಬಿದ್ದ ಕ್ಷಣ ಮಾರಾಟ ಮುಗಿಯಿತು, ಅದು ಸರಕು ಮಾರಾಟ ಕಾಯ್ದೆಯ 64ನೇ ಕಲಂ. ಒಂದು ಪೈಸೆ ಹೆಚ್ಚು ಕೊಡಬೇಕಿಲ್ಲ. ಆದರೂ ನನ್ನ ಅಭಿಪ್ರಾಯ ಕೇಳಿದರೆ, ಇಂಥವನಿಂದ ಬಲವಂತವಾಗಿ ಮಾಲು ತರಿಸಿಕೊಳ್ಳಬೇಡಿ. ಸಿಟ್ಟಿನಲ್ಲಿ ಕಟ್ಟಿದ ಪಾರ್ಸೆಲ್ಲಿನಲ್ಲಿ ಏನಿರುತ್ತದೋ! ತಾಣದಲ್ಲಿ ವರದಿ ಮಾಡಿ, ಹಣ ವಾಪಸ್ ಪಡೆದು ಬಿಟ್ಟುಬಿಡಿ.

"ಅರ್ಧ ವಾಪಸ್ ಕೊಡ್ತೀನಿ, ಇಟ್ಕೊಳ್ಳಿ." ಇದು ಯಾವಾಗಲೂ ಕೆಟ್ಟದ್ದಲ್ಲ. ಲೆನ್ಸ್ ಒಳ್ಳೆಯದೇ, ಮುಚ್ಚಳ ಮಾತ್ರ ಬಂದಿಲ್ಲ ಎಂದಾದರೆ ಒಪ್ಪಿಕೊಂಡು ಮುಗಿಸಿ. ನಕಲಿ ಮಾಲಿಗೆ ಅರ್ಧ ಹಣ ಮಾತ್ರ ಒಪ್ಪಂದವಲ್ಲ, ರಿಯಾಯಿತಿ ದರದಲ್ಲಿ ಮೋಸ. ಒಪ್ಪುವುದಾದರೆ ತಾಣದ ಒಳಗೇ ಒಪ್ಪಿ.

"ಬಿಲ್ಲಿನಲ್ಲಿ ದೆಹಲಿ ಕೋರ್ಟಿನ ವ್ಯಾಪ್ತಿ ಎಂದಿದೆ, ಬನ್ನಿ ನೋಡೋಣ." ಬರಲಿ, ಅವನೇ ಬರಲಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಕಲಂ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು. 1986ರ ಹಳೆ ಕಾಯ್ದೆಗೂ ಇದಕ್ಕೂ ಇರುವ ವ್ಯತ್ಯಾಸಗಳಲ್ಲಿ ದೂರದ ಊರಿನ ಕೊಳ್ಳುಗರಿಗೆ ಇದಕ್ಕಿಂತ ದೊಡ್ಡದಿಲ್ಲ. ಹಿಂದೆ ಆಳಂದದವನು ದೆಹಲಿಗೆ ಹೋಗುವ ಖರ್ಚು ನೆನೆದೇ ಕೈಬಿಡುತ್ತಿದ್ದ.

ಇನ್ನೊಂದು ಅನುಮಾನ, ಬೆಲೆ ಏರಿಸಲು ಮಾರಾಟಗಾರನೇ ತನ್ನವರಿಂದ ಸುಳ್ಳು ಬಿಡ್ ಹಾಕಿಸುವುದು. ಬಿಡ್‌ಗಳ ಪಟ್ಟಿ ಉಳಿಸಲು ಹೇಳಿದ್ದು ಇದಕ್ಕೂ ಹೌದು. ಒಬ್ಬನೇ ಬಿಡ್ಡರ್ ಈ ಮಾರಾಟಗಾರನ ಮಾಲಿಗೆ ಮಾತ್ರ ಕೂಗುತ್ತಾನೆಯೇ, ಗೆಲ್ಲುವ ಹೊತ್ತಿಗೆ ಹಿಂದೆ ಸರಿಯುತ್ತಾನೆಯೇ ನೋಡಿ. ಸುಳ್ಳು ಬಿಡ್ಡಿನಿಂದ ಬೆಲೆ ಏರಿಸಿದ್ದರೆ ಮಾರಾಟವನ್ನು ರದ್ದು ಮಾಡುವ ಹಕ್ಕು ಕೊಳ್ಳುವವನಿಗಿದೆ, ಅದೇ 64ನೇ ಕಲಮಿನಲ್ಲಿ. ಸಾಬೀತು ಮಾಡುವುದು ಕಷ್ಟ, ನಿಜ. ತಾಣಕ್ಕೆ ವರದಿ ಮಾಡಿದರೆ ಅವರಿಗೆ ಮಾತ್ರ ಕಾಣುವ ದಾಖಲೆಗಳಿಂದ ಪತ್ತೆಯಾಗಬಹುದು.

ಹಂತ 7: ವಾಪಸ್ ಕಳಿಸುವಾಗ

ತಾಣ ತೋರಿಸುವ ವಿಳಾಸಕ್ಕೆ ಮಾತ್ರ ಕಳಿಸಿ. "ಅಲ್ಲಿ ಯಾರೂ ಇರಲ್ಲ, ಈ ವಿಳಾಸಕ್ಕೆ ಕಳಿಸಿ" ಎಂದು ವಾಟ್ಸಾಪಿನಲ್ಲಿ ಬಂದ ವಿಳಾಸಕ್ಕೆ ಕಳಿಸಿದರೆ ತಾಣದ ಪ್ರಕಾರ ಮಾಲು ವಾಪಸಾಗಿಲ್ಲ. ಮಾಲು ಹೇಳಿದಂತಿಲ್ಲದಾಗ ಸಾಗಾಟ ಮಾರಾಟಗಾರನ ತಲೆಗೆ, ಮೊದಲು ಪ್ರೀಪೇಯ್ಡ್ ಲೇಬಲ್ ಕೇಳಿ. ತಿರಸ್ಕಾರ ತಿಳಿಸಿದ ಮೇಲೆ ಮಾಲನ್ನು ತಾನೇ ಮುಟ್ಟಿಸುವ ಹೊಣೆ ಕೊಂಡವನಿಗಿಲ್ಲ ಎಂಬುದು ಸರಕು ಮಾರಾಟ ಕಾಯ್ದೆಯ 43ನೇ ಕಲಂ. ಆದರೆ ತಾಣದ ನಿಯಮ ವಾಪಸ್ ಕಳಿಸಿ ಎಂದರೆ ಈ ಕಲಂ ಹಿಡಿದು ಕೂರದೆ ಕಳಿಸಿ.

ಪ್ಯಾಕಿಂಗನ್ನೂ ವಿಡಿಯೊ ಮಾಡಿ. ನೀವೇ ಕಳಿಸುವುದಾದರೆ ಹೆಡ್ ಪೋಸ್ಟ್ ಆಫೀಸಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ. ರಸೀದಿಯಲ್ಲಿ ತೂಕ ಅಚ್ಚಾಗುತ್ತದೆ. ಬಂದಾಗಿನ ತೂಕ, ಹೋಗುವಾಗಿನ ತೂಕ ಹೊಂದಿದರೆ "ಖಾಲಿ ಡಬ್ಬಿ ಕಳಿಸಿದಿರಿ" ಎಂಬ ಆರೋಪ ನಿಲ್ಲುವುದಿಲ್ಲ.

ಹೊರದೇಶದಿಂದ ಬಂದ ಹಳೆ ವಸ್ತುವಿಗೆ ಬೇರೆಯದೇ ತೊಡಕಿದೆ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯಂತೆ ನೂರು ವರ್ಷ ದಾಟಿದ ನಾಣ್ಯ, ಲೋಹದ ಕಲಾವಸ್ತು ಪ್ರಾಚ್ಯವಸ್ತು. ಹಸ್ತಪ್ರತಿಗಳಿಗೆ ಎಪ್ಪತ್ತೈದು ವರ್ಷ. ಅವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಲಂಡನ್ನಿನಿಂದ ತರಿಸಿದ ಹಳೆ ಬಿದರಿ ಹುಕ್ಕಾ ತಳ ಬಿರುಕು ಬಿಟ್ಟಿದೆ ಎಂದು ಅಂಚೆಯಲ್ಲಿ ಹಿಂದಕ್ಕೆ ಕಳಿಸಹೊರಟರೆ ಕಸ್ಟಮ್ಸಿನಲ್ಲಿ ಸಿಕ್ಕಿಬೀಳುವವರು ನೀವು. ಇದನ್ನು ಮಾರಾಟಗಾರನಿಗೂ ತಾಣಕ್ಕೂ ಮೊದಲೇ ತಿಳಿಸಿ, ವಾಪಸಾತಿ ಇಲ್ಲದ ಪರಿಹಾರ ಕೇಳಿ. ನೀವು ಕಟ್ಟಿದ ಸುಂಕವನ್ನೂ ನಷ್ಟದ ಲೆಕ್ಕಕ್ಕೆ ಸೇರಿಸಿ.

ಹಂತ 8: ಹಣ ಹೋದ ದಾರಿಯಲ್ಲೇ ಹಿಂದಕ್ಕೆ

ಕ್ರೆಡಿಟ್ ಅಥವಾ ಡೆಬಿಟ್ ಕಾರ್ಡಿನಲ್ಲಿ ಕೊಟ್ಟಿದ್ದರೆ ಬ್ಯಾಂಕಿಗೆ ಲಿಖಿತವಾಗಿ ಚಾರ್ಜ್‌ಬ್ಯಾಕ್ ಕೇಳಿ. "ಮಾಲು ಬಂದಿಲ್ಲ" ಅಥವಾ "ವಿವರಣೆಯಂತಿಲ್ಲ" ಎಂದು ಕಾರಣ ಸ್ಪಷ್ಟವಾಗಿರಲಿ. "ನಾನು ಈ ಪಾವತಿ ಮಾಡಿಯೇ ಇಲ್ಲ" ಎಂದು ಸುಳ್ಳು ಹೇಳಬೇಡಿ, ಒಂದೇ ಓಟಿಪಿ ದಾಖಲೆಯಿಂದ ನಿಮ್ಮ ಕೇಸು ಬಿದ್ದುಹೋಗುತ್ತದೆ. ಬ್ಯಾಂಕು 30 ದಿನದಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ನಿಗೆ (ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿಗೆ) ಪುಕ್ಕಟೆ ದೂರು ಕೊಡಬಹುದು. ಮಾಹಿತಿಗೆ 14448.

ಯುಪಿಐ ಮೂಲಕ ಮಾರಾಟಗಾರನ ಸ್ವಂತ ನಂಬರಿಗೆ ಹಾಕಿದ್ದರೆ ಪರಿಸ್ಥಿತಿ ಬಿಗಿ. ನೀವೇ ಪಿನ್ ಒತ್ತಿ ಕಳಿಸಿದ ಹಣವನ್ನು ಬ್ಯಾಂಕು ಹಿಂದಕ್ಕೆ ಎಳೆಯುವುದಿಲ್ಲ. ತಾಣದ ಹೊರಗೆ ಕೊಟ್ಟ ಹಣಕ್ಕೆ ತಾಣದ ಖಾತರಿಯೂ ಇಲ್ಲ. ಹರಾಜು ಸೋತ ಮರುದಿನ "ಗೆದ್ದವನು ಹಿಂದೆ ಸರಿದ, ನಿಮಗೇ ಕೊಡ್ತೀವಿ, ಈ ನಂಬರಿಗೆ ಹಾಕಿ" ಎಂದು ಬರುವ ಸಂದೇಶ ಜನರನ್ನು ಹೊರಗೆ ಎಳೆಯುವುದು ಹೀಗೆಯೇ.

ಮಾರಾಟಗಾರ ಮೊದಲಿನಿಂದಲೂ ಮೋಸಕ್ಕೇ ಕೂತಿದ್ದ, ಹಣ ಬಂದ ಕೂಡಲೇ ಮಾಯವಾದ ಎಂದಾದರೆ ಗ್ರಾಹಕ ದೂರಿಗೆ ಕಾಯಬೇಡಿ. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲಿನಲ್ಲಿ ದಾಖಲಿಸಿ. ಹಣ ಮುಂದಿನ ಖಾತೆಗೆ ಜಾರುವ ಮೊದಲು ತಡೆಹಿಡಿಯುವ ಸಾಧ್ಯತೆ ಮೊದಲ ಕೆಲವು ಗಂಟೆಗಳಲ್ಲೇ ಹೆಚ್ಚು. ಆಮೇಲೆ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆ. ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ ವಂಚನೆಗೆ, ಐಟಿ ಕಾಯ್ದೆಯ 66ಡಿ ಆನ್‌ಲೈನಿನಲ್ಲಿ ವೇಷ ಹಾಕಿ ವಂಚಿಸಿದ್ದಕ್ಕೆ. ಮಾಲು ಕಳಿಸಿ, ಗುಣಮಟ್ಟದ ಬಗ್ಗೆ ಜಗಳವಿದ್ದರೆ ಮಾತ್ರ ಠಾಣೆಯಲ್ಲಿ "ಇದು ಸಿವಿಲ್ ಮ್ಯಾಟರ್ ಅದರಿ" ಎನ್ನುತ್ತಾರೆ. ಬಹಳ ಸಲ ಅವರು ಹೇಳುವುದು ಸರಿಯೇ.

ಈ ಹಂತದಲ್ಲೇ ಎರಡನೇ ಸಲ ಮೋಸ ಹೋಗುವವರಿದ್ದಾರೆ. ಸಿಟ್ಟಿನಲ್ಲಿ ಫೇಸ್‌ಬುಕ್ಕಿನಲ್ಲಿ ಆರ್ಡರ್ ನಂಬರ್ ಸಮೇತ ಬರೆಯುತ್ತಾರೆ. ಅರ್ಧ ಗಂಟೆಯಲ್ಲಿ "ಕಸ್ಟಮರ್ ಕೇರ್‌ನಿಂದ, ರೀಫಂಡ್ ಮಾಡ್ತಿದ್ದೀವಿ" ಎಂದು ಫೋನ್ ಬರುತ್ತದೆ. ಒಂದು ಆ್ಯಪ್ ಹಾಕಿಕೊಳ್ಳಿ, ಪಿನ್ ಒತ್ತಿ ಎನ್ನುತ್ತಾರೆ. ಹಣ ಪಡೆಯಲು ಯುಪಿಐ ಪಿನ್ ಯಾವತ್ತೂ ಬೇಡ. ಗೂಗಲ್ಲಿನಲ್ಲಿ ಹುಡುಕಿ ಸಿಕ್ಕ ಕಸ್ಟಮರ್ ಕೇರ್ ನಂಬರನ್ನೂ ನಂಬಬೇಡಿ, ತಾಣದ ಆ್ಯಪಿನ ಒಳಗಿನಿಂದಲೇ ಸಂಪರ್ಕಿಸಿ.

ಹಂತ 9: ಕುಂದುಕೊರತೆ ಅಧಿಕಾರಿ, 1915, ನೋಟಿಸು

ಪ್ರತಿ ಇ-ಕಾಮರ್ಸ್ ತಾಣಕ್ಕೂ ಕುಂದುಕೊರತೆ ಅಧಿಕಾರಿ ಇರಬೇಕು, ಹೆಸರು ಮತ್ತು ಸಂಪರ್ಕ ತಾಣದಲ್ಲೇ ಇರಬೇಕು. 48 ಗಂಟೆಯಲ್ಲಿ ದೂರು ತಲುಪಿದೆ ಎನ್ನಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಅದರ ಜೊತೆಜೊತೆಗೇ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು. ಅವರು ತೀರ್ಪು ಕೊಡುವವರಲ್ಲ, ಕಂಪನಿಗೆ ದೂರು ದಾಟಿಸಿ ಉತ್ತರ ಕೇಳುವವರು. ಹಾಗಿದ್ದರೂ ದೊಡ್ಡ ತಾಣಗಳು ಅಲ್ಲಿಂದ ಬಂದ ದೂರಿಗೆ ಬೇಗ ಅಲುಗಾಡುತ್ತವೆ. ಅವರು ಕೊಡುವ ಡಾಕೆಟ್ ನಂಬರ್ (ದೂರಿನ ಸಂಖ್ಯೆ) ಬರೆದಿಟ್ಟುಕೊಳ್ಳಿ.

ಆಮೇಲೆ ನೋಟಿಸು. ವಕೀಲರ ಲೆಟರ್‌ಹೆಡ್ ಕಡ್ಡಾಯವಲ್ಲ, ನೀವೇ ಒಂದು ಪುಟ ಬರೆದು ಮಾರಾಟಗಾರನಿಗೂ ತಾಣಕ್ಕೂ 15 ದಿನ ಕೊಟ್ಟು ಕಳಿಸಬಹುದು. 2025ರ ಸೆಪ್ಟೆಂಬರ್ 1ರಿಂದ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಗಿದೆ. ಹಾಗಾಗಿ ಕೌಂಟರಿನಲ್ಲಿ "ಸ್ಪೀಡ್ ಪೋಸ್ಟ್, ರಿಜಿಸ್ಟ್ರೇಷನ್ ಸಮೇತ" ಎಂದು ಕೇಳಿ. ಲಕೋಟೆ ತೆಗೆದುಕೊಳ್ಳದೆ ವಾಪಸ್ ಬಂದರೆ ಒಡೆಯಬೇಡಿ, ಮುಚ್ಚಿದ್ದಂತೆಯೇ ಕಡತದಲ್ಲಿಡಿ.

ಹಂತ 10: ಜಿಲ್ಲಾ ಗ್ರಾಹಕ ಆಯೋಗ

ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ಜಿಲ್ಲಾ ಆಯೋಗದ ವ್ಯಾಪ್ತಿ 50 ಲಕ್ಷದವರೆಗೆ. ವಕೀಲರಿಲ್ಲದೆ ನೀವೇ ವಾದಿಸಬಹುದು. ಇ-ಜಾಗೃತಿ ಪೋರ್ಟಲಿನಲ್ಲಿ ಮನೆಯಿಂದಲೇ ದೂರು ಹಾಕಬಹುದು, ವಿಡಿಯೊ ಮೂಲಕ ವಿಚಾರಣೆ ಕೇಳಿಕೊಳ್ಳಲೂ ಕಾಯ್ದೆಯಲ್ಲಿ ಅವಕಾಶವಿದೆ. ಸುರಪುರದಿಂದ, ಬಸವಕಲ್ಯಾಣದಿಂದ ಪ್ರತಿ ತಾರೀಖಿಗೂ ಬಸ್ಸು ಹಿಡಿಯುವುದು ತಪ್ಪಬಹುದು. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ, ಫೋನ್ 15100.

ದೂರಿನಲ್ಲಿ ಮಾರಾಟಗಾರನನ್ನು ಮೊದಲ ಎದುರುದಾರ, ತಾಣವನ್ನು ಎರಡನೆಯ ಎದುರುದಾರ ಮಾಡಿ. ಮಾರಾಟಗಾರ ನಾಪತ್ತೆಯಾದರೂ ತಾಣ ಸಿಗುತ್ತದೆ. ಘಟನೆಗಳನ್ನು ದಿನಾಂಕವಾರು, ಒಂದೊಂದು ಸಾಲಿನಲ್ಲಿ ಬರೆಯಿರಿ. ಕೇಳುವುದು ಮೂರು: ಪೂರ್ತಿ ಹಣ ಬಡ್ಡಿ ಸಮೇತ, ಮಾನಸಿಕ ಕಿರಿಕಿರಿಗೆ ಪರಿಹಾರ, ದಾವೆಯ ಖರ್ಚು. ಎಂಟು ಸಾವಿರದ ಮಾಲಿಗೆ ಐದು ಲಕ್ಷ ಪರಿಹಾರ ಕೇಳಿ ನಗೆಪಾಟಲಾಗಬೇಡಿ. ವಿಡಿಯೊ, ಸ್ಕ್ರೀನ್‌ಶಾಟ್‌ಗಳ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ (ಎಲೆಕ್ಟ್ರಾನಿಕ್ ದಾಖಲೆಗಳನ್ನು ಸಾಕ್ಷ್ಯವಾಗಿ ಕೊಡುವಾಗ ಬೇಕಾದದ್ದು) ಇಡಿ. ಮಾಲನ್ನು ಪ್ರಯೋಗಾಲಯಕ್ಕೆ ಕಳಿಸಬೇಕು ಎನಿಸಿದರೆ ಆಯೋಗವೇ ಕಳಿಸುತ್ತದೆ. ಅಲ್ಲಿಯತನಕ ಮಾಲು ನಿಮ್ಮ ಹತ್ತಿರ ಇದ್ದ ಹಾಗೇ ಇರಲಿ.

ಎದುರಿನವರು ಎತ್ತುವ ತಕರಾರುಗಳಲ್ಲಿ ಎರಡಕ್ಕೆ ಸಿದ್ಧರಿರಿ. ಒಂದು, "ಇವರು ಮರುಮಾರಾಟಕ್ಕೆ ಕೊಂಡವರು, ಗ್ರಾಹಕರಲ್ಲ." ನಾಣ್ಯ ಕೊಂಡು ಮಾರುವ ರೂಢಿ ನಿಮಗಿದ್ದರೆ ಇದು ನಿಜವಾಗಿಯೂ ಏಟು ಕೊಡುತ್ತದೆ. ಎರಡು, "ಹರಾಜಿನಲ್ಲಿ ಕೊಂಡವರು ಗ್ರಾಹಕರೇ ಅಲ್ಲ." 2009ರಲ್ಲಿ ಚಂಡೀಗಢ ಆಡಳಿತದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಗೆ ಹೇಳಿದ್ದು ಬಹಿರಂಗ ಹರಾಜಿನಲ್ಲಿ ಇದ್ದ ಸ್ಥಿತಿಯಲ್ಲೇ ಹೋದ ನಿವೇಶನಗಳ ಬಗ್ಗೆ. ಅಲ್ಲಿ ಕೂಗುವವನು ಮೊದಲೇ ಹೋಗಿ ಜಾಗ ನೋಡಬಹುದಿತ್ತು. ಫೋಟೊ, ವಿವರಣೆ ನಂಬಿ ಕೊಂಡ ಹೂದಾನಿಯ ಸಂಗತಿ ಬೇರೆ ಎಂದು ನಿಮ್ಮ ದೂರಿನಲ್ಲೇ ಒಂದು ಪ್ಯಾರಾ ಬರೆದುಬಿಡಿ.

ನೋಟಿಸು ತಲುಪಿದ ಮೇಲೆ ಎದುರುದಾರನಿಗೆ ಉತ್ತರಿಸಲು 30 ದಿನ, ಹೆಚ್ಚೆಂದರೆ ಇನ್ನು 15. ಕಾಯ್ದೆಯ ಆಶಯ ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಿದ್ದರೆ ಐದು ತಿಂಗಳಲ್ಲಿ ಮುಗಿಸುವುದು. ಅದಕ್ಕಿಂತ ತಡವಾಗುತ್ತದೆ ಎಂದು ಮನಸ್ಸಿನಲ್ಲಿಟ್ಟುಕೊಂಡೇ ಹೋಗಿ. ನಡುವೆ ಮಧ್ಯಸ್ಥಿಕೆಗೆ ಕರೆದರೆ ಒಪ್ಪಿಕೊಳ್ಳಿ, ಸಣ್ಣ ಮೊತ್ತದ ಕೇಸುಗಳು ಅಲ್ಲೇ ಮುಗಿದರೆ ಎರಡೂ ಕಡೆಗೆ ಒಳ್ಳೆಯದು. ಆದೇಶ ನಿಮ್ಮ ಪರ ಬಂದು ಹಣ ಮಾತ್ರ ಬರದಿದ್ದರೆ ಅದೇ ಆಯೋಗದಲ್ಲಿ ಜಾರಿ ಅರ್ಜಿ ಹಾಕಿ. ಆದೇಶ ಪಾಲಿಸದವನಿಗೆ ಗ್ರಾಹಕ ಸಂರಕ್ಷಣಾ ಕಾಯ್ದೆಯ 72ನೇ ಕಲಂ ಪ್ರಕಾರ ಒಂದು ತಿಂಗಳಿಂದ ಮೂರು ವರ್ಷದವರೆಗೆ ಸೆರೆ, ಅಥವಾ 25 ಸಾವಿರದಿಂದ 1 ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು. ಜಾರಿ ಅರ್ಜಿಯಲ್ಲಿ ಅವನ ಈಗಿನ ವಿಳಾಸ ಬೇಕಾಗುತ್ತದೆ, ಆದ್ದರಿಂದ ಹಾಕುವ ದಿನ ಜಿಎಸ್‌ಟಿ ಪೋರ್ಟಲಿನಲ್ಲಿ ಅವನ ನೋಂದಣಿಯನ್ನು ಇನ್ನೊಮ್ಮೆ ನೋಡಿಕೊಂಡೇ ಹಾಕಿ.